ಗುಜರಿಯ ಅಡಿಗಲ್ಲು, ಜಾಮ್ ಆದ ಬ್ಲೋವರ್: ಮನೆ ಕುಲುಮೆಗೆ ಹಳೆ ಸಾಮಾನು ಆರಿಸುವುದು, ರಿಪೇರಿ ಮಾಡುವುದು

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಮನೆ ಹಿಂದೆ 10×12 ಅಡಿಯ ಶೀಟಿನ ಶೆಡ್ ಇದೆ. ತೋಟಕ್ಕೆ ಬೇಕಾದ ಮಚ್ಚು, ಕುಡುಗೋಲು, ಕಳೆಗುದ್ದಲಿ ನಾನೇ ಮಾಡಿಕೊಳ್ಳಬೇಕು ಅಂತ ಆಸೆ. ಗುಜರಿ ಅಂಗಡಿಯೊಂದರಲ್ಲಿ ಕೊಂಬಿರುವ ಅಡಿಗಲ್ಲು (ಕಾಸಿದ ಕಬ್ಬಿಣವನ್ನು ಮೇಲಿಟ್ಟು ಬಡಿಯುವ ಕಬ್ಬಿಣದ ದಿಮ್ಮಿ), ಕುಲುಮೆಗೆ ಗಾಳಿ ಊದುವ, ಆದರೆ ತಿರುಗದ ಕೈ ಬ್ಲೋವರ್, ಕಬ್ಬಿಣ ಬಿಗಿಹಿಡಿಯುವ ಉದ್ದ ಕಾಲಿನ ವೈಸ್ ಮೂರೂ ಇವೆ, ಕೆಜಿ ಲೆಕ್ಕಕ್ಕೆ ಕೊಡುತ್ತಾರೆ. ಅಡಿಗಲ್ಲಿಗೆ ತುಕ್ಕು ಹಿಡಿದಿದೆ, ಅಂಚು ಅಲ್ಲಲ್ಲಿ ಚಕ್ಕೆ ಎದ್ದಿದೆ, ಪಕ್ಕದಲ್ಲಿ 1 2 10 ಎಂಬ ಅಂಕಿ ಇದೆ. ಅಂಗಡಿಯವರು ನೂರು ಕೆಜಿ ಅನ್ನುತ್ತಾರೆ. ಪಕ್ಕದ ವೆಲ್ಡಿಂಗ್ ಶಾಪಿನವರು ಮುಖಕ್ಕೆ (ಬಡಿಯುವ ಮೇಲ್ಭಾಗಕ್ಕೆ) ವೆಲ್ಡಿಂಗ್ ತುಂಬಿ, ಗ್ರೈಂಡ್ ಮಾಡಿ ಹೊಸದರಂತೆ ಮಾಡಿಕೊಡುತ್ತೇನೆ ಅನ್ನುತ್ತಾರೆ. ಕೊಳ್ಳಬಹುದೇ? ಅಡಿಗಲ್ಲು ಸರಿಯಿಲ್ಲದಿದ್ದರೆ ರೈಲು ಕಂಬಿ ನಡೆಯುತ್ತದೆಯೇ?

ಉತ್ತರ: ವೆಲ್ಡಿಂಗ್ ಶಾಪಿನವರಿಗೆ ಈಗಲೇ ಬೇಡ ಅಂದುಬಿಡಿ. ಹಳೆ ಅಡಿಗಲ್ಲುಗಳು ಮಳೆಯಿಂದ, ತುಕ್ಕಿನಿಂದ ಹಾಳಾಗಿರುವುದಕ್ಕಿಂತ ಈ ರೀತಿಯ ರಿಪೇರಿಯಿಂದ ಹಾಳಾಗಿರುವುದೇ ಹೆಚ್ಚು. ಕಾರಣ ಮುಂದೆ ಹೇಳುತ್ತೇನೆ.

ಮೂರು ಸಾಮಾನಿನಲ್ಲಿ ಯಾವುದಕ್ಕೆ ಎಷ್ಟು ದುಡ್ಡು ಅನ್ನುವುದಕ್ಕೆ ಒಂದೇ ಅಳತೆ ಇಟ್ಟುಕೊಳ್ಳಿ: ಕೆಟ್ಟರೆ ನಿಮ್ಮ ಕೈಯಲ್ಲಿ ಸರಿಮಾಡಲಾಗದ ಭಾಗ ಯಾವುದು? ಅಡಿಗಲ್ಲಿನಲ್ಲಿ ಅದು ಮುಖದ ಗಡಸು. ವೈಸಿನಲ್ಲಿ ಸ್ಕ್ರೂ ಮತ್ತು ಅದು ಹೊಕ್ಕುವ ನಟ್ಟು. ಬ್ಲೋವರಿನಲ್ಲಿ ಗೇರಿನ ಹಲ್ಲು. ಈ ಮೂರು ಚೆನ್ನಾಗಿದ್ದರೆ ಉಳಿದದ್ದು ಏನೇ ಆಗಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಇವೇ ಹೋಗಿದ್ದರೆ, ಎಷ್ಟೇ ಹೊಳೆಯುವಂತೆ ಬಣ್ಣ ಹೊಡೆದಿದ್ದರೂ ಅದು ಗುಜರಿ ಬೆಲೆಯ ಕಬ್ಬಿಣ ಅಷ್ಟೇ.

ಅಂಗಡಿಗೆ ಹೋಗುವಾಗ ಒಂದು ವೈರ್ ಬ್ರಷ್, 30 ಸೆಂ.ಮೀ. ಸ್ಟೀಲ್ ಸ್ಕೇಲು, ಸಣ್ಣ ಸುತ್ತಿಗೆ, ಹಳೆಯದಾದರೂ ಚೂಪಾದ ಒಂದು ಅರ, ಟಾರ್ಚು, ಸೀಮೆಸುಣ್ಣ, ಜೊತೆಗೆ ಸುಮಾರು 25 ಮಿ.ಮೀ. ದಪ್ಪದ ಬೇರಿಂಗ್ ಗುಂಡು ತೆಗೆದುಕೊಂಡು ಹೋಗಿ. ಗುಂಡು ಲಾರಿ ಗ್ಯಾರೇಜಿನಲ್ಲಿ ಒಡೆದ ಬೇರಿಂಗಿನಿಂದ ಸಿಗುತ್ತದೆ.

ಅಡಿಗಲ್ಲು

ಮೊದಲು ಆ ಅಂಕಿಯ ವಿಷಯ. 1 2 10 ಅಂದರೆ ಇಸವಿಯೂ ಅಲ್ಲ, ಮಾಡೆಲ್ ನಂಬರೂ ಅಲ್ಲ, ತೂಕ. ಹಳೆಯ ಇಂಗ್ಲಿಷ್ ಅಡಿಗಲ್ಲುಗಳಲ್ಲಿ ಮೊದಲ ಅಂಕಿ ಹಂಡ್ರೆಡ್‌ವೇಟ್, ಅಂದರೆ 112 ಪೌಂಡು. ಎರಡನೆಯದು ಅದರ ಕಾಲು ಭಾಗ, 28 ಪೌಂಡು. ಮೂರನೆಯದು ಬಿಡಿ ಪೌಂಡು. ನಿಮ್ಮದು 112 + 56 + 10 = 178 ಪೌಂಡು, ಹತ್ತಿರ ಹತ್ತಿರ 81 ಕೆಜಿ. ಸವೆದು, ಚಕ್ಕೆ ಎದ್ದು ಒಂದೆರಡು ಕೆಜಿ ಕಡಿಮೆ ಇರಬಹುದು, ಹೆಚ್ಚಂತೂ ಆಗುವುದಿಲ್ಲ. ನೂರು ಕೆಜಿ ಲೆಕ್ಕ ಹಾಕಿ ದುಡ್ಡು ಕೇಳಿದರೆ ಈ ಅಂಕಿ ತೋರಿಸಿ, ತೂಕಕ್ಕೆ ಹಾಕಿಸಿ.

ಈ ಅಂಕಿ ಇದೆ ಅಂದರೆ ಇನ್ನೊಂದು ಒಳ್ಳೆಯ ಸುದ್ದಿಯೂ ಇರಬಹುದು. ಹೀಗೆ ತೂಕ ಒತ್ತಿದವು ಇಂಗ್ಲೆಂಡಿನ ಡಡ್ಲಿಯ ಪೀಟರ್ ರೈಟ್, ಶೆಫೀಲ್ಡಿನ ಮೌಸ್‌ಹೋಲ್ ಮುಂತಾದ ಕಾರ್ಖಾನೆಗಳ ಅಡಿಗಲ್ಲುಗಳು. ಒಡಲು ಮೆತು ಕಬ್ಬಿಣ, ಮೇಲೆ ಸುಮಾರು ಅರ್ಧ ಇಂಚು ದಪ್ಪದ ಉಕ್ಕಿನ ತಗಡನ್ನು ಕಾಸಿ ಬೆಸೆದು ಹದ ಹಾಕಿ ಗಡಸು ಮಾಡಿರುತ್ತಾರೆ. ಪಕ್ಕದ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ, ಸೀಮೆಸುಣ್ಣ ಅಡ್ಡಲಾಗಿ ತಿಕ್ಕಿ, ಟಾರ್ಚನ್ನು ಬದಿಯಿಂದ ಹಿಡಿದು ನೋಡಿ. ಸವೆದ ಅಕ್ಷರ ಇದ್ದರೆ ಕಾಣಿಸುತ್ತದೆ. ಹೆಸರು ಸಿಕ್ಕದಿದ್ದರೂ ಚಿಂತೆಯಿಲ್ಲ, ಪರೀಕ್ಷೆ ಮುಖ್ಯ.

ಮೊದಲ ಪರೀಕ್ಷೆ ದನಿ. ಅಡಿಗಲ್ಲನ್ನು ಗುಜರಿ ರಾಶಿಯಿಂದ ಕೆಳಗಿಳಿಸಿ ಮರದ ತುಂಡಿನ ಮೇಲೆ ಕೂರಿಸಿ, ಸಣ್ಣ ಸುತ್ತಿಗೆಯಿಂದ ಮುಖದ ಉದ್ದಕ್ಕೂ ತಟ್ಟುತ್ತಾ ಹೋಗಿ. ಇಂಗ್ಲಿಷ್ ಅಡಿಗಲ್ಲು ಗಂಟೆಯಂತೆ ಮೊಳಗಬೇಕು. ಒಂದು ಜಾಗದಲ್ಲಿ ಮಾತ್ರ ದನಿ ಸತ್ತಂತಾದರೆ, ಅಥವಾ ಝರ್ ಅಂತ ಬಿರುಕು ಬಿಟ್ಟ ಮಡಕೆಯ ದನಿ ಬಂದರೆ, ಅಲ್ಲಿ ಮುಖದ ತಗಡು ಒಡಲಿನಿಂದ ಬಿಟ್ಟಿದೆ ಅಥವಾ ಸೊಂಟದಲ್ಲಿ (ಒಡಲಿನ ನಡುವಿನ ಕಿರಿದಾದ ಭಾಗದಲ್ಲಿ) ಬಿರುಕಿದೆ. ಅಂಥದ್ದನ್ನು ಬಿಟ್ಟುಬಿಡಿ.

ಎರಡನೆಯದು ಗುಂಡಿನ ಪರೀಕ್ಷೆ. ಇದು ಸುಳ್ಳು ಹೇಳುವುದಿಲ್ಲ. ಮುಖದ ಮೇಲಿನ ತುಕ್ಕನ್ನು ಅಂಗೈ ಅಗಲದಷ್ಟು ಜಾಗದಲ್ಲಿ ಕಬ್ಬಿಣ ಕಾಣುವವರೆಗೆ ಉಜ್ಜಿ. ತುಕ್ಕು ಉಳಿದರೆ ಗುಂಡಿನ ಪುಟಿತವನ್ನು ಅದೇ ನುಂಗಿಬಿಡುತ್ತದೆ. ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ, ಗುಂಡಿನ ತಳ 25 ಸೆಂ.ಮೀ. ಗೆರೆಗೆ ಬರುವಂತೆ ಹಿಡಿದು, ತಳ್ಳದೆ ಬಿಡಿ. ಎಷ್ಟು ಎತ್ತರಕ್ಕೆ ಪುಟಿಯುತ್ತದೆ ಅನ್ನುವುದನ್ನು ಕಣ್ಣನ್ನು ಅದೇ ಮಟ್ಟಕ್ಕೆ ತಂದು ನೋಡಿ. 18 ಸೆಂ.ಮೀ. ಅಥವಾ ಹೆಚ್ಚು ಬಂದರೆ ಚೊಕ್ಕ ಅಡಿಗಲ್ಲು. 13ರಿಂದ 17 ಬಂದರೆ ಮನೆಗೆಲಸಕ್ಕೆ ಧಾರಾಳ. 8ಕ್ಕಿಂತ ಕೆಳಗೆ ಬಂದರೆ ಅದು ಬೀಡು ಕಬ್ಬಿಣದ ಎರಕ, ಇಲ್ಲವೇ ಎಂದೋ ಬೆಂಕಿಗೆ ಸಿಕ್ಕಿ ಹದ ಕಳೆದುಕೊಂಡದ್ದು. ಗೋದಾಮು ಸುಟ್ಟುಹೋದ ಮೇಲೆ ಮಾರಾಟಕ್ಕೆ ಬಂದ ಅಡಿಗಲ್ಲುಗಳು ನೋಡಲು ಚೆನ್ನಾಗಿಯೇ ಇರುತ್ತವೆ, ಗುಂಡು ಮಾತ್ರ ಅವುಗಳ ಮೇಲೆ ಏಳುವುದೇ ಇಲ್ಲ. ಏಳೆಂಟು ಜಾಗದಲ್ಲಿ ಬಿಟ್ಟು ನೋಡಿ. ಹಿಂಬದಿಯಲ್ಲಿ, ಚೌಕ ತೂತಿನ ಸುತ್ತ, ಅಂದರೆ ಕೆಳಗೆ ಒಡಲಿಲ್ಲದ ಭಾಗದಲ್ಲಿ ಸ್ವಲ್ಪ ಕಡಿಮೆ ಬರುವುದು ಸಹಜ. ನಡುವೆಯೇ ಒಂದು ಕಡೆ 18, ನಾಲ್ಕು ಇಂಚು ಆಚೆ 9 ಅಂತ ಬಂದರೆ ತಗಡು ಬಿಟ್ಟಿರುವ ಅನುಮಾನ. ದನಿಯ ಪರೀಕ್ಷೆ ಮತ್ತೆ ಅಲ್ಲಿಯೇ ಮಾಡಿ.

ಕೊನೆಗೆ ಅರದ ಮೂಲೆಯಿಂದ ಮುಖವನ್ನು ಒಮ್ಮೆ ಕೆರೆಯಿರಿ. ಗಡಸಾಗಿದ್ದರೆ ಅರ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ, ಮೆತ್ತಗಿದ್ದರೆ ಕಚ್ಚುತ್ತದೆ. ಅಂಗಡಿಯವರು ಒಪ್ಪಿದರೆ ತಳದಲ್ಲಿ ಒಂದು ಕ್ಷಣ ಗ್ರೈಂಡರ್ ಮುಟ್ಟಿಸಿ ಕಿಡಿ ನೋಡಬಹುದು: ಬೀಡಿನ ಕಿಡಿ ಕೆಂಪಾಗಿ, ಮೋಟಾಗಿ ಕಲ್ಲಿನ ಹತ್ತಿರವೇ ಸಾಯುತ್ತದೆ, ಮೆತು ಕಬ್ಬಿಣ, ಉಕ್ಕುಗಳದ್ದು ಉದ್ದಕ್ಕೆ ಹಾರುತ್ತದೆ.

ನಿಮ್ಮ ಅಡಿಗಲ್ಲು ಇಷ್ಟರಲ್ಲೂ ಪಾಸಾದರೆ ರಿಪೇರಿ ಬಹಳ ಕಡಿಮೆ. ವೈರ್ ಕಪ್ ಬ್ರಷ್ ಹಾಕಿ ತುಕ್ಕು ತೆಗೆಯಿರಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಕೆಲಸ ಶುರುಮಾಡಿ. ಬಿಸಿ ಕಬ್ಬಿಣ ಬಡಿಯುತ್ತಾ ಹೋದಂತೆ ಮುಖ ತಾನೇ ಬೆಳ್ಳಗಾಗುತ್ತದೆ. ಮುಖವನ್ನು ಮಿಲ್ಲಿಂಗ್ ಮಾಡಿಸಬೇಡಿ, ಗ್ರೈಂಡ್ ಮಾಡಿ ಸಮ ಮಾಡಿಸಬೇಡಿ. ಗಡಸು ಇರುವುದು ಆ ಅರ್ಧ ಇಂಚಿನ ಮೇಲ್ಭಾಗದಲ್ಲಿ ಮಾತ್ರ. ನೂರು ವರ್ಷ ಸವೆದ ಮೇಲೆ ಅದರಲ್ಲಿ ಎಷ್ಟು ಉಳಿದಿದೆಯೋ ನೋಡಿ ಹೇಳಲಾಗದು. ಮೂರು ಮಿಲಿಮೀಟರ್ ತೆಗೆದರೆ ಅಷ್ಟು ವರ್ಷದ ಬದುಕು ತೆಗೆದ ಹಾಗೆ. ನಡುವೆ ಎರಡು ಮೂರು ಮಿಲಿಮೀಟರ್ ತಗ್ಗಿದ್ದರೆ ಬಿಡಿ. ಸೊಟ್ಟಗಾದ ಪಟ್ಟಿಯನ್ನು ನೆಟ್ಟಗೆ ಮಾಡಲು ಆ ತಗ್ಗೇ ಅನುಕೂಲ.

ಅಂಚಿನ ಚಕ್ಕೆಗೆ ಬರೋಣ. ಹೊಸಬರಿಗೆ ಅಂಚು ಚೂಪಾಗಿರಬೇಕು ಅನ್ನಿಸುತ್ತದೆ. ನಿಜಕ್ಕೂ ಚೂಪು ಅಂಚು ಕೆಲಸದ ಮೂಲೆಯಲ್ಲಿ ಗೆರೆ ಕೊರೆಯುತ್ತದೆ, ಕುಡುಗೋಲಿನ ಬುಡ ಆ ಗೆರೆಯಲ್ಲೇ ಒಂದು ದಿನ ಮುರಿಯುತ್ತದೆ. ಗ್ರೈಂಡರಿಗೆ ಹಾಕುವ 80 ನಂಬರಿನ ಫ್ಲ್ಯಾಪ್ ಡಿಸ್ಕ್‌ನಿಂದ (ಉಜ್ಜು ಕಾಗದದ ಪಟ್ಟಿ ಜೋಡಿಸಿದ ಚಕ್ರ) ಅಂಚನ್ನು ದುಂಡಗೆ ಮಾಡಿ: ನಿಮ್ಮ ಕಡೆಯ ಅಂಚಿನಲ್ಲಿ ಕೊಂಬಿನ ಹತ್ತಿರ 6 ಮಿ.ಮೀ. ದುಂಡು, ಹಿಂದಕ್ಕೆ ಹೋದಂತೆ 2 ಮಿ.ಮೀ. ಸಣ್ಣ ಚಕ್ಕೆಗಳೆಲ್ಲ ಈ ದುಂಡಿನಲ್ಲೇ ಮಾಯವಾಗುತ್ತವೆ. ದೊಡ್ಡ ಚಕ್ಕೆ ಇದ್ದರೆ ಅದರ ಹರಿತವನ್ನಷ್ಟೇ ತೆಗೆದು ಆ ಜಾಗ ಬಿಟ್ಟು ಕೆಲಸ ಮಾಡಿ. ಡಿಸ್ಕನ್ನು ಒಂದೇ ಕಡೆ ನಿಲ್ಲಿಸಬೇಡಿ. ಕೈ ಇಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ, ಆರಿದ ಮೇಲೆ ಮುಂದುವರಿಸಿ. ಲೋಹ ನೀಲಿಗೆ ತಿರುಗಿತು ಅಂದರೆ ಸುಮಾರು 300 ಡಿಗ್ರಿ ಮುಟ್ಟಿದೆ, ಆ ಜಾಗದ ಗಡಸು ಇಳಿಯತೊಡಗಿದೆ ಅಂತ ಅರ್ಥ.

ವೆಲ್ಡಿಂಗ್ ಯಾಕೆ ಬೇಡ? ಮುಖದ ತಗಡಿನಲ್ಲಿ ಇಂಗಾಲ ಹೆಚ್ಚು. ತಣ್ಣಗಿರುವ 80 ಕೆಜಿ ಕಬ್ಬಿಣದ ಮೇಲೆ ಮಾಮೂಲಿ ರಾಡಿನಿಂದ ವೆಲ್ಡ್ ಹಾಕಿದರೆ ಒಡಲು ಆ ಬಿಸಿಯನ್ನು ತಕ್ಷಣ ಎಳೆದುಕೊಳ್ಳುತ್ತದೆ. ವೆಲ್ಡಿನ ಅಕ್ಕಪಕ್ಕದ ಉಕ್ಕು ಗಾಜಿನಂತೆ ಪೆಡಸಾಗಿ ಒಳಗೇ ಬಿರುಕು ಬಿಡುತ್ತದೆ, ಅದರಾಚೆಯ ಪಟ್ಟಿ ಮೆತ್ತಗಾಗುತ್ತದೆ, ತುಂಬಿದ ವೆಲ್ಡ್ ಅಂತೂ ಮೆತ್ತಗೇ ಇರುತ್ತದೆ. ಹೊಸದರಂತೆ ಕಾಣುವ ಮುಖ ಬಳಸುತ್ತಾ ಹೋದಂತೆ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಸರಿಯಾಗಿ ಮಾಡಬೇಕಾದರೆ ಅಡಿಗಲ್ಲನ್ನು ಪೂರ್ತಿ 200 ಡಿಗ್ರಿಯವರೆಗೆ ಕಾಯಿಸಿ, ಅದೇ ಬಿಸಿಯಲ್ಲಿಟ್ಟು, ಗಡಸು ತುಂಬುವ ರಾಡಿನಿಂದ ವೆಲ್ಡ್ ಮಾಡಿ, ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು. ನಿಮ್ಮ ಕೆಲಸಕ್ಕೆ ಅದರ ಅಗತ್ಯವೇ ಇಲ್ಲ. ತುಕ್ಕು ಬಿಡಿಸಲು ಬೆಂಕಿಗೆ ಹಾಕುವುದಂತೂ ಕೂಡದು.

ಕೂರಿಸಲು ಹುಣಸೆ ಅಥವಾ ಕರಿಜಾಲಿಯ ಕೊರಡು ಒಳ್ಳೆಯದು. ನಿಂತು ಕೆಲಸ ಮಾಡುವುದಾದರೆ ತೋಳು ಇಳಿಬಿಟ್ಟು ಮುಷ್ಟಿ ಕಟ್ಟಿದಾಗ ಗೆಣ್ಣು ತಾಗುವ ಎತ್ತರಕ್ಕೆ ಮುಖ ಬರಬೇಕು. ಇನ್ನೂ ಎತ್ತರವಾದರೆ ಭುಜ ನೋವು, ತಗ್ಗಾದರೆ ಸೊಂಟ ನೋವು. ಕೊರಡನ್ನು ನೆಲದಲ್ಲಿ ಎರಡಡಿ ಹೂಳುವುದಾದರೆ ಹೂಳುವ ಭಾಗವನ್ನು ಮೇಲೆ ಮೇಲೆ ಸುಟ್ಟು ಕರಿ ಮಾಡಿ, ಬಿಸಿ ಡಾಂಬರು ಬಳಿಯಿರಿ. ಇಲ್ಲದಿದ್ದರೆ ನಿಮ್ಮ ಕೆಂಪು ಮಣ್ಣಿನಲ್ಲಿ ಗೆದ್ದಲು ಬಿಡುವುದಿಲ್ಲ. ಕೊರಡಿನ ತಲೆಗೆ ಗಾಡಿ ಚಕ್ರಕ್ಕೆ ಹಾಕುವ ಹಾಗೆ ಕಬ್ಬಿಣದ ಪಟ್ಟೆ ಬಿಗಿದರೆ ಸೀಳುವುದಿಲ್ಲ. ಅಡಿಗಲ್ಲು ಕೂತ ಮೇಲೆ ಸ್ವಲ್ಪವೂ ಕುಣಿಯಬಾರದು. ಕುಣಿದಷ್ಟೂ ನಿಮ್ಮ ಏಟು ದಂಡ.

ರೈಲು ಕಂಬಿ ನಡೆಯುತ್ತದೆಯೇ?

ನಡೆಯುತ್ತದೆ, ಆದರೆ ನಿಲ್ಲಿಸಿ ಬಳಸಬೇಕು. ಕಂಬಿಯನ್ನು ಹಳಿಯ ಮೇಲೆ ಇರುವಂತೆಯೇ ಮಲಗಿಸಿ ಬಡಿದರೆ ತಲೆಯ ಕೆಳಗಿನ ನಡುಭಾಗ ಬರೀ 16 ಮಿ.ಮೀ. ಚಿಲ್ಲರೆ ದಪ್ಪ, ಏಟಿಗೆ ಸ್ಪ್ರಿಂಗಿನಂತೆ ಅದುರುತ್ತದೆ. ನೆಟ್ಟಗೆ ನಿಲ್ಲಿಸಿ ಕೊಯ್ದ ತುದಿಯ ಮೇಲೆ ಬಡಿದರೆ ತುಂಡಿನ ಅಷ್ಟೂ ತೂಕ ಸುತ್ತಿಗೆಯ ಕೆಳಗೆ ಇರುತ್ತದೆ. ಮೀಟರಿಗೆ 60 ಕೆಜಿ ತೂಗುವ ಕಂಬಿಯಲ್ಲಿ ಒಂದೂವರೆ ಅಡಿ ತುಂಡು ಸುಮಾರು 27 ಕೆಜಿ. ಬಡಿಯಲು ಸಿಗುವ ಜಾಗ ತಲೆಯ ಅಡ್ಡಕೊಯ್ತ ಮಾತ್ರ, 72 ಮಿ.ಮೀ. ಅಗಲ. ಮಚ್ಚು, ಕುಡುಗೋಲಿಗೆ ಅಷ್ಟು ಸಾಕು. ಕೆಳಗಡೆ ಅಗಲ ಪ್ಲೇಟಿಗೆ ವೆಲ್ಡ್ ಮಾಡಿಸಿ, ಇಲ್ಲವೇ ಮರಳು ತುಂಬಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಹೂತು ನಿಲ್ಲಿಸಿ. ತುದಿಯನ್ನು ಗರಗಸದ ಮೆಷಿನ್ನಿನಲ್ಲಿ ಕೊಯ್ಸಿ. ಗ್ಯಾಸ್ ಕಟಿಂಗ್ ಮಾಡಿದ ತುದಿ ಅಲ್ಲಲ್ಲಿ ಪೆಡಸಾಗಿ ಸಿಡಿಯುತ್ತದೆ.

ಒಂದು ಎಚ್ಚರಿಕೆ: ಬಿಲ್ಲಿಲ್ಲದೆ ಕಂಬಿ ಕೊಳ್ಳಬೇಡಿ. ಕದ್ದ ರೈಲ್ವೆ ಸಾಮಾನು ಇಟ್ಟುಕೊಂಡವರನ್ನು ಶಿಕ್ಷಿಸಲು 1966ರ ರೈಲ್ವೆ ಆಸ್ತಿ (ಕಾನೂನುಬಾಹಿರ ಸ್ವಾಧೀನ) ಕಾಯ್ದೆ ಅಂತ ಪ್ರತ್ಯೇಕ ಕಾನೂನೇ ಇದೆ. ಅದು ಸರಿಯಾದ ದಾರಿಯಲ್ಲಿ ಬಂದದ್ದು ಅನ್ನುವುದನ್ನು ಇಟ್ಟುಕೊಂಡವರೇ ತೋರಿಸಬೇಕಾಗುತ್ತದೆ. ರೈಲ್ವೆ ಹಳೆ ಕಂಬಿಯನ್ನು ಹರಾಜಿನಲ್ಲಿ ಲಾಟು ಲಾಟಾಗಿ ಮಾರುತ್ತದೆ. ಆ ಹರಾಜಿನಲ್ಲಿ ಕೊಂಡ ವ್ಯಾಪಾರಿಯಿಂದ ತುಂಡು ಕೊಂಡು ಜಿಎಸ್‌ಟಿ ಬಿಲ್ ಇಟ್ಟುಕೊಳ್ಳಿ. ಈ ರಗಳೆಯೇ ಬೇಡ ಅಂದರೆ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಗುಜರಿಗಳಲ್ಲಿ ಫೋರ್ಕ್‌ಲಿಫ್ಟಿನ (ಭಾರ ಎತ್ತುವ ಗಾಡಿಯ) ಮುರಿದ ಕೊಂಬು ಕೇಳಿ. ನಾಲ್ಕೈದು ಇಂಚು ಅಗಲ, ಒಂದೂವರೆ ಎರಡು ಇಂಚು ದಪ್ಪದ ಬಲಿಷ್ಠ ಉಕ್ಕು. ಎರಡು ತುಂಡು ಕೊಯ್ಸಿ ಜೋಡಿಸಿ ನಿಲ್ಲಿಸಿದರೆ ಕಂಬಿಗಿಂತ ಒಳ್ಳೆಯ ಅಡಿಗಲ್ಲು. ಅಂಗಡಿಗಳಲ್ಲಿ ಹೊಸದಾಗಿ ಸಿಗುವ ಅಗ್ಗದ ಬೀಡಿನ ಅಡಿಗಲ್ಲು ಮಾತ್ರ ಬೇಡ. ಸುತ್ತಿಗೆ ತಪ್ಪಿ ಒಂದೇಟು ಬಿದ್ದರೆ ಗುಂಡಿ ಬೀಳುತ್ತದೆ, ಅಂಚು ಉದುರುತ್ತದೆ.

ಉದ್ದ ಕಾಲಿನ ವೈಸ್

ಇದು ಕುಲುಮೆಗೆಂದೇ ಹುಟ್ಟಿದ ವೈಸ್. ಏಟಿನ ಭಾರ ಕಾಲಿನ ಮೂಲಕ ನೆಲಕ್ಕೆ ಇಳಿಯುತ್ತದೆ, ಹಾಗಾಗಿ ಬಿಸಿ ಕಬ್ಬಿಣ ಕಚ್ಚಿಸಿ ಬಡಿಯಬಹುದು. ಮಾಮೂಲಿ ಬೀಡಿನ ಬೆಂಚ್ ವೈಸಿನಲ್ಲಿ ಹಾಗೆ ಬಡಿದರೆ ಅದರ ದವಡೆ ಒಡೆಯುತ್ತದೆ.

ಅಂಗಡಿಯಲ್ಲೇ ಹಿಡಿಯನ್ನು ತಿರುಗಿಸಿ ಸ್ಕ್ರೂವನ್ನು ಪೂರ್ತಿ ಹೊರಗೆ ತೆಗೆದು ನೋಡಿ. ತೆಗೆಯಲು ಬಿಡದಿದ್ದರೆ ಕೊಳ್ಳಬೇಡಿ. ಈ ಸ್ಕ್ರೂವಿನ ಥ್ರೆಡ್ ಚೌಕವಾಗಿರುತ್ತದೆ. ಥ್ರೆಡ್ಡಿನ ದಪ್ಪವೂ ನಡುವಿನ ಸಂದೂ ಹೆಚ್ಚುಕಡಿಮೆ ಒಂದೇ ಇರಬೇಕು. ಥ್ರೆಡ್ಡು ಚಾಕುವಿನ ಬಾಯಿಯಂತೆ ತೆಳ್ಳಗಾಗಿದ್ದರೆ ಮುಗಿಯಿತು. ಟಾರ್ಚ್ ಹಾಕಿ ಉದ್ದನೆಯ ಕೊಳವೆಯಂತಿರುವ ನಟ್ಟಿನ ಒಳಗೂ ನೋಡಿ. ಹೆಚ್ಚು ಸವೆಯುವುದು ಸ್ಕ್ರೂವಲ್ಲ, ಇದು. ನಂತರ ಸ್ಕ್ರೂವನ್ನು ಅರ್ಧ ಹಾಕಿ, ತಿರುಗಿಸದೆ ಹಿಂದೆ ಮುಂದೆ ಎಳೆದು ನೋಡಿ. ಒಂದು ಮಿಲಿಮೀಟರ್ ಆಡಿದರೆ ಸಹಜ. ಮೂರು ಮಿಲಿಮೀಟರ್ ಆಡಿದರೆ ಥ್ರೆಡ್ ಅರ್ಧ ಹೋಗಿದೆ, ಬಿಗಿ ಮಾಡುವಾಗ ಒಂದು ದಿನ ಜಾರುತ್ತದೆ.

ಸ್ಪ್ರಿಂಗ್ ಇಲ್ಲ, ಬೆಂಚಿಗೆ ಬಿಗಿಯುವ ಪಟ್ಟಿ ಇಲ್ಲ, ಹಿಡಿ ಸೊಟ್ಟಗಿದೆ ಅಂತಿದ್ದರೆ ಅದನ್ನೇ ಹೇಳಿ ಬೆಲೆ ಇಳಿಸಿ. ಇವೆಲ್ಲ ನೀವು ಕುಲುಮೆ ಹೊತ್ತಿಸಿದ ಮೇಲೆ ಮೊದಲು ಮಾಡುವ ಕೆಲಸಗಳು. ಸ್ಪ್ರಿಂಗಿಗೆ ಐದಾರು ಮಿ.ಮೀ. ದಪ್ಪದ ಪಟ್ಟಿಯನ್ನು ಬಾಗಿಸಿ ಎರಡು ದವಡೆಯ ನಡುವೆ ಕೂರಿಸಿದರೆ ಆಯಿತು, ಹದ ಹಾಕಲೇಬೇಕು ಅಂತಿಲ್ಲ. ದವಡೆಗಳು ಬಾಗಿಲಿನಂತೆ ಕೆಳಗಿನ ಪಿನ್ನಿನ ಸುತ್ತ ತೆರೆಯುವುದರಿಂದ ಅಗಲ ತೆರೆದಾಗ ಸಮಾನಾಂತರವಾಗಿ ಇರುವುದಿಲ್ಲ; ಅದು ದೋಷವಲ್ಲ. ಮುಚ್ಚಿದಾಗ ಒಂದು ದವಡೆ ಪಕ್ಕಕ್ಕೆ ಸರಿದಿದ್ದರೆ ಕೆಳಗಿನ ಬೋಲ್ಟು ಸವೆದಿದೆ. ಹೊಸ ಬೋಲ್ಟು, ಎರಡು ವಾಷರ್ ಹಾಕಿದರೆ ಸರಿಹೋಗುತ್ತದೆ. ಸ್ಕ್ರೂವಿನ ತಲೆ ಮತ್ತು ಮುಂದಿನ ದವಡೆಯ ನಡುವೆ ಬಟ್ಟಲಿನಾಕಾರದ ದಪ್ಪ ವಾಷರ್ ಇರಲೇಬೇಕು. ಅದು ಕಳೆದುಹೋಗಿದ್ದರೆ ವೈಸ್ ಬಿಗಿಯಾಗುವುದೇ ಇಲ್ಲ, ಎಲ್ಲ ಬಲವೂ ತಿಕ್ಕಾಟಕ್ಕೇ ಹೋಗುತ್ತದೆ.

ಸ್ಕ್ರೂ ಹಿಡಿದುಕೊಂಡಿದ್ದರೆ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಎಂಜಿನ್ ಆಯಿಲ್ ಜೊತೆ ಸಮ ಬೆರೆಸಿ ದಿನಕ್ಕೆರಡು ಸಲ ಬಿಡಿ, ಮಧ್ಯೆ ಮಧ್ಯೆ ನಟ್ಟಿನ ಪಕ್ಕ ಮೆಲ್ಲಗೆ ತಟ್ಟಿ. ಅವಸರಪಟ್ಟು ಆ ನಟ್ಟನ್ನು ಕೆಂಡದಲ್ಲಿಟ್ಟು ಕೆಂಪಗೆ ಕಾಯಿಸಬೇಡಿ. ಹಳೆಯ ವೈಸುಗಳಲ್ಲಿ ಒಳಗಿನ ಥ್ರೆಡ್ಡನ್ನು ಬೇರೆಯಾಗಿ ಸುತ್ತಿ ಹಿತ್ತಾಳೆಯಿಂದ ಬೆಸೆದಿರುತ್ತಾರೆ. ಹಿತ್ತಾಳೆ ಕರಗಿದರೆ ಥ್ರೆಡ್ ಸುರುಳಿ ಕೈಗೇ ಬರುತ್ತದೆ, ವೈಸ್ ಅಲ್ಲಿಗೆ ತೀರಿತು.

ಕೂರಿಸುವಾಗ ಕಾಲಿನ ತುದಿ ಮಣ್ಣಿನ ಮೇಲಲ್ಲ, ಚಪ್ಪಡಿ ಕಲ್ಲಿನ ಮೇಲೋ ದಪ್ಪ ಪ್ಲೇಟಿನ ಮೇಲೋ ಇರಲಿ. ಸ್ಕ್ರೂವಿಗೆ ಗ್ರೀಸ್ ತೆಳ್ಳಗೆ ಸಾಕು. ಮೇಲಿಂದ ಉದುರುವ ಕಬ್ಬಿಣದ ಹೊಟ್ಟು ಗ್ರೀಸಿಗೆ ಅಂಟಿ ಅದೇ ಥ್ರೆಡ್ಡನ್ನು ಅರೆಯುತ್ತದೆ. ಹಳೆ ಚಕ್ಕಡಿ ಟಯರಿನ ತುಂಡನ್ನು ಸ್ಕ್ರೂ ಮೇಲೆ ಮುಚ್ಚಳದಂತೆ ಹಾಕಿಡಿ.

ಬ್ಲೋವರ್

ಜಾಮ್ ಆಗಿದೆ ಅಂತ ಹೆದರಬೇಡಿ. ಹತ್ತರಲ್ಲಿ ಎಂಟು ಬ್ಲೋವರ್ ಜಾಮ್ ಆಗುವುದು ಒಣಗಿ ಮೇಣವಾದ ಗ್ರೀಸಿನಿಂದ, ಇಲ್ಲವೇ ಕಣಜ ಹುಳು ಒಳಗೆ ಕಟ್ಟಿದ ಮಣ್ಣಿನ ಗೂಡಿನಿಂದ ಅನ್ನುವುದು ನನ್ನ ಅಂದಾಜು. ಹೆದರಬೇಕಾದ್ದು ಅಂಗಡಿಯ ಹುಡುಗ ಹಿಡಿಗೆ ಪೈಪ್ ಹಾಕಿ ಜಗ್ಗಿ ತಿರುಗಿಸಲು ನೋಡುವುದಕ್ಕೆ. ಸಣ್ಣ ಗೇರಿನ ಹಲ್ಲು ಮುರಿಯುವುದು ಆಗಲೇ. ಹಿಡಿಯನ್ನು ಅತ್ತಿತ್ತ ಮೆಲ್ಲಗೆ ಅಲ್ಲಾಡಿಸಿ. ಕೂದಲೆಳೆಯಷ್ಟಾದರೂ ಆಡಿದರೆ ಕೊಳ್ಳಿ.

ಮನೆಗೆ ತಂದ ಮೇಲೆ ಮೊದಲು ಗಾಳಿ ಎಳೆಯುವ ಕಡೆಯ ಮುಚ್ಚಳ ಬಿಚ್ಚಿ. ಮಣ್ಣು, ಗೂಡು ತೆಗೆದು, ಫ್ಯಾನಿನ ರೆಕ್ಕೆ ಎಲ್ಲಾದರೂ ಬ್ಲೋವರಿನ ಕವಚಕ್ಕೆ ಉಜ್ಜುತ್ತಿದೆಯೇ ನೋಡಿ. ಫ್ಯಾನು ಶಾಫ್ಟಿಗೆ ಸಣ್ಣ ಸ್ಕ್ರೂವಿನಿಂದಲೋ ನಟ್ಟಿನಿಂದಲೋ ಕೂತಿರುತ್ತದೆ. ನಟ್ಟಾಗಿದ್ದರೆ ಉಲ್ಟಾ ಥ್ರೆಡ್ ಇರುವ ಸಾಧ್ಯತೆ ಇದೆ. ಎರಡೂ ಕಡೆಗೆ ಹಗುರವಾಗಿ ಪ್ರಯತ್ನಿಸಿ. ಆಮೇಲೆ ಗೇರ್ ಪೆಟ್ಟಿಗೆಗೆ ಡೀಸೆಲ್ ತುಂಬಿ ಎರಡು ಮೂರು ದಿನ ಬಿಡಿ. ಕಪ್ಪು ಗೊಜ್ಜು ಸುರಿದು ಮತ್ತೆ ತುಂಬಿ. ಅಷ್ಟರಲ್ಲಿ ಬಹುತೇಕ ತಿರುಗಲು ಶುರುವಾಗುತ್ತದೆ. ತಿರುಗಿತು ಅಂತ ಹಾಗೇ ಬಳಸದೆ ಪೆಟ್ಟಿಗೆ ಬಿಚ್ಚಿ. ಬಿಚ್ಚುವ ಮೊದಲು ಎದುರುಬದುರು ಹಲ್ಲುಗಳಿಗೆ ಪಂಚ್ ಗುರುತು ಹಾಕಿ, ಪ್ರತಿ ವಾಷರ್ ತೆಗೆದಾಗಲೂ ಫೋಟೋ ತೆಗೆಯಿರಿ. ಆ ತೆಳು ವಾಷರುಗಳು ಗೇರಿನ ಜಾಗ ಹಿಡಿದಿಡುತ್ತವೆ. ಒಂದು ಕಳೆದರೆ ಗೇರು ಕಿರುಚುತ್ತದೆ. ಹಳೆ ಮುಚ್ಚಳದ ಗ್ಯಾಸ್ಕೆಟ್ ಬೂದು ಬಣ್ಣದ ನಾರಿನಂತಿದ್ದರೆ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದಾಗ ಕೆರೆಯಬೇಡಿ, ನೀರಿನಲ್ಲಿ ನೆನೆಸಿ ತೆಗೆದು ಕವರಿನಲ್ಲಿ ಕಟ್ಟಿ ಹಾಕಿ. ಹಳೆ ಬಣ್ಣಕ್ಕೂ ಇದೇ ಮಾತು: ಸೀಸ ಇರುವ ಸಾಧ್ಯತೆ ಇದೆ, ಒಣ ಪುಡಿ ಎಬ್ಬಿಸಬೇಡಿ.

ಬೇರಿಂಗ್ ಎರಡು ಥರ ಬರುತ್ತವೆ. ಮುಚ್ಚಿದ ಬೇರಿಂಗ್ ಆದರೆ ಪಕ್ಕದಲ್ಲಿ ನಂಬರ್ ಇರುತ್ತದೆ. 6202 ಅಂದರೆ ಒಳಗೆ 15, ಹೊರಗೆ 35, ಅಗಲ 11 ಮಿ.ಮೀ.; 6203 ಆದರೆ 17, 40, 12. ನಂಬರ್ ಅಳಿಸಿದ್ದರೆ ಅಳತೆ ಹೇಳಿದರೂ ಬೇರಿಂಗ್ ಅಂಗಡಿಯವರು ಕೊಡುತ್ತಾರೆ. ಇನ್ನೂ ಹಳೆಯದಾದರೆ ಸೈಕಲ್ ಹಬ್ಬಿನಂತೆ ಬಟ್ಟಲು, ಕೋನು, ಬಿಡಿ ಗುಂಡು. ಗುಂಡುಗಳನ್ನು ಎಣಿಸಿ, ಅದೇ ಅಳತೆಯ ಹೊಸ ಸೆಟ್ ಸೈಕಲ್ ಅಂಗಡಿಯಲ್ಲಿ ತನ್ನಿ. ಹಳೆದು ಹೊಸದು ಬೆರೆಸಬೇಡಿ, ಭಾರವೆಲ್ಲ ದೊಡ್ಡ ಗುಂಡಿನ ಮೇಲೆ ಬಿದ್ದು ಬಟ್ಟಲು ತೂತಾಗುತ್ತದೆ. ಕೋನನ್ನು ಶಾಫ್ಟು ಆಡದಷ್ಟು ಬಿಗಿ ಮಾಡಿ, ಆಮೇಲೆ ಕಾಲು ಸುತ್ತಿಗಿಂತ ಕಡಿಮೆ ಸಡಿಲಿಸಿ ಲಾಕ್ ಮಾಡಿ.

ಜೋಡಿಸಿದ ಮೇಲೆ ಒಳಗೆ ಗ್ರೀಸ್ ತುಂಬಬೇಡಿ. ಗ್ರೀಸನ್ನು ಗೇರು ಪಕ್ಕಕ್ಕೆ ತಳ್ಳಿ ತಾನು ಒಣಗಿಯೇ ತಿರುಗುತ್ತದೆ, ಮತ್ತೆ ಕೆಲವು ವರ್ಷಕ್ಕೆ ಇದೇ ಗತಿ. 30 ಅಥವಾ 40 ನಂಬರಿನ ಎಂಜಿನ್ ಆಯಿಲ್ ಹಾಕಿ, ಎಲ್ಲಕ್ಕಿಂತ ಕೆಳಗಿನ ಗೇರಿನ ಹಲ್ಲು ಮುಳುಗುವಷ್ಟೇ. ಅದಕ್ಕಿಂತ ಹೆಚ್ಚು ಹಾಕಿದರೆ ಶಾಫ್ಟಿನ ಪಕ್ಕದಿಂದ ಸೋರುತ್ತದೆ. ಈ ಬ್ಲೋವರುಗಳಿಗೆ ಆಯಿಲ್ ಸೀಲ್ ಇಲ್ಲ, ಸ್ವಲ್ಪ ಸೋರುವುದು ಇದ್ದದ್ದೇ. ಹಿಡಿ ತಿರುಗಿಸಿ ಕೈಬಿಟ್ಟಾಗ ಫ್ಯಾನು ತಾನಾಗಿ ಕೆಲವು ಸುತ್ತು ಹಾಕಿ ನಿಂತರೆ ಕೆಲಸ ಸರಿಯಾಗಿದೆ. ಕವಚ ಬಿರುಕು ಬಿಟ್ಟಿದ್ದರೆ ಮಾಮೂಲಿ ವೆಲ್ಡಿಂಗ್ ಬೇಡ, ಬೀಡು ಮತ್ತಷ್ಟು ಸೀಳುತ್ತದೆ. ಹಿತ್ತಾಳೆ ಬೆಸುಗೆ ಹಾಕಿಸಿ. ಗಾಳಿ ಸೋರುವ ಸಣ್ಣ ಬಿರುಕಾದರೆ ಎಂ-ಸೀಲ್ ಸಾಕು.

ಹಲ್ಲು ಮುರಿದಿದ್ದರೆ ಬೇಸರ ಬೇಡ. ಸಣ್ಣ ಕರೆಂಟ್ ಬ್ಲೋವರ್ ಸಿಗುತ್ತದೆ. ಅದಕ್ಕೆ ಪೈಪಿನಲ್ಲಿ ಗಾಳಿ ತಡೆಯುವ ಜಾರು ಬಾಗಿಲು ಇಟ್ಟೇ ಬೆಂಕಿ ಹತೋಟಿ ಮಾಡಿ. ಆದರೂ ಇದ್ದಿಲಿನ ಕುಲುಮೆಗೆ ಕೈ ಬ್ಲೋವರೇ ಮೇಲು. ನಿಮ್ಮ ಕೈ ನಿಂತಾಗ ಗಾಳಿ ನಿಲ್ಲುತ್ತದೆ, ಇದ್ದಿಲು ಉಳಿಯುತ್ತದೆ, ಕಬ್ಬಿಣ ಸುಟ್ಟು ಕಿಡಿಯಾಗುವುದು ತಪ್ಪುತ್ತದೆ.

ತುಕ್ಕು, ಇಕ್ಕಳ, ಸುತ್ತಿಗೆ

ವೈಸಿನ ಬಿಡಿಭಾಗ, ಇಕ್ಕಳಗಳ ತುಕ್ಕಿಗೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 5 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ಸಾಮಾನಿಗೆ, ಪಾಸಿಟಿವ್ ತಂತಿ ಬೇಡದ ಕಬ್ಬಿಣದ ತಗಡಿಗೆ. ಎರಡೂ ಒಂದಕ್ಕೊಂದು ಮುಟ್ಟಬಾರದು. ತಂತಿ ಅದಲುಬದಲಾದರೆ ನಿಮ್ಮ ಸಾಮಾನೇ ಕರಗುತ್ತದೆ. ಒಂದು ರಾತ್ರಿಗೆ ತುಕ್ಕು ಕಪ್ಪು ಮಸಿಯಾಗಿ ಬಿಡುತ್ತದೆ. ಬ್ರಷ್ ಹಾಕಿ ತೊಳೆದು ಆಗಲೇ ಒಣಗಿಸಿ ಎಣ್ಣೆ ಹಚ್ಚಿ. ತಗಡಿಗೆ ಸ್ಟೇನ್‌ಲೆಸ್ ಸ್ಟೀಲ್ ಬಳಸಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಇಳಿಯುತ್ತದೆ. ಜಲಜನಕ ಬರುವುದರಿಂದ ಇದು ಬಯಲಿನಲ್ಲೇ ಆಗಬೇಕು, ಹತ್ತಿರ ಬೀಡಿ ಸಿಗರೇಟು ಕೂಡದು. ಸ್ಪ್ರಿಂಗು, ಹದ ಹಾಕಿದ ಉಳಿಗಳನ್ನು ಇದರಲ್ಲಿ ಹಾಕದೆ ಸೀಮೆಎಣ್ಣೆ, ಬ್ರಷ್ಷಿನಲ್ಲೇ ಉಜ್ಜಿ.

ಹಳೆ ಇಕ್ಕಳ ಸಿಕ್ಕಷ್ಟು ಕೊಳ್ಳಿ. ಬಾಯಿ ಕೂಡದಿರುವುದು ದೊಡ್ಡ ವಿಷಯವಲ್ಲ. ಬಾಯನ್ನು ಕೆಂಪಗೆ ಕಾಯಿಸಿ, ನೀವು ಹಿಡಿಯಬೇಕಾದ ದಪ್ಪದ ಪಟ್ಟಿಯನ್ನು ಅದರಲ್ಲಿಟ್ಟು ವೈಸಿನಲ್ಲಿ ಒತ್ತಿ, ಹಿಡಿಗಳು ಮುಷ್ಟಿಗೆ ಸರಿಯಾಗುವಂತೆ ಬಾಗಿಸಿ. ಆರುವಾಗ ತೆರೆದು ಮುಚ್ಚುತ್ತಲೇ ಇರಿ, ಇಲ್ಲದಿದ್ದರೆ ರಿವೆಟ್ ಹಿಡಿದುಕೊಳ್ಳುತ್ತದೆ. ರಿವೆಟ್ ಕಣ್ಣಿನ ಸುತ್ತ ಬಿರುಕಿದ್ದರೆ ಮಾತ್ರ ಬಿಡಿ. ಕೆಂಪು ಕಬ್ಬಿಣ ಕಾಲ ಮೇಲೆ ಬೀಳುವುದು ಅಂಥ ಇಕ್ಕಳದಿಂದ.

ಸುತ್ತಿಗೆ ಒಂದು ಕೆಜಿ ಆಸುಪಾಸಿನದ್ದು ಸಾಕು. ತಲೆ ಅಣಬೆಯಂತೆ ಹರಡಿ ಸಿಪ್ಪೆ ಎದ್ದಿದ್ದರೆ ಆ ಸಿಪ್ಪೆ ಪೂರ್ತಿ ಗ್ರೈಂಡ್ ಮಾಡಿ ತೆಗೆಯಿರಿ, ಅದು ಹಾರಿ ಕಣ್ಣಿಗೆ ಹೊಡೆಯುತ್ತದೆ. ಮುಖವನ್ನು ಸ್ವಲ್ಪ ಉಬ್ಬಾಗಿ, ಅಂಚು ದುಂಡಗೆ ಮಾಡಿ. ಸುತ್ತಿಗೆಯ ಕಾವಿಗೆ (ಮರದ ಹಿಡಿಗೆ) ದಿಂಡಿಗ, ತಡಸಲು, ಜಾಲಿ ಒಳ್ಳೆಯವು; ತೇಗ ಏಟಿಗೆ ಸಿಡಿಯುತ್ತದೆ. ಸಡಿಲವಾದ ಕಾವನ್ನು ನೀರಿನಲ್ಲಿ ನೆನೆಸುವ ರೂಢಿ ಬಿಡಿ. ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ. ಹೊಸ ಬೆಣೆ ಹೊಡೆದು ಅಗಸೆ ಎಣ್ಣೆ ಹಚ್ಚಿ.

ಒಲೆ, ಶೆಡ್

ಕುಲುಮೆಯ ಒಲೆಯನ್ನು ಹಳೆಯದು ಕೊಳ್ಳುವ ಅಗತ್ಯವಿಲ್ಲ. ಲಾರಿಯ ಬ್ರೇಕ್ ಡ್ರಮ್ಮಿಗೆ, ಇಲ್ಲವೇ ಇಟ್ಟಿಗೆ ಕಟ್ಟೆಯ ಮೇಲೆ ಒಂದು ಪಾಲು ಜೇಡಿಮಣ್ಣು, ಎರಡು ಪಾಲು ಮರಳು, ಒಂದು ಹಿಡಿ ಬೂದಿ ಕಲಸಿ ಬಳಿದರೆ ಮನೆಗೆ ಸಾಕಾಗುವ ಒಲೆ. ವಾರ ನೆರಳಲ್ಲಿ ಒಣಗಿಸಿ, ಮೊದಲ ದಿನ ಸಣ್ಣ ಕಟ್ಟಿಗೆ ಬೆಂಕಿಯಷ್ಟೇ ಹಾಕಿ. ಒಲೆಗೆ ಕಾಂಕ್ರೀಟ್, ಹೊಳೆಯ ಗುಂಡುಕಲ್ಲು ಬೇಡ. ಒಳಗಿನ ತೇವ ಆವಿಯಾಗಿ ಸಿಡಿಯುತ್ತವೆ. ಗಾಳಿ ಕೊಳವೆ ಒಂದು ಇಂಚಿನ ದಪ್ಪ ಗೋಡೆಯ ಕಪ್ಪು ಎಂಎಸ್ (ಮಾಮೂಲಿ ಉಕ್ಕಿನ) ಪೈಪ್ ಆಗಿರಲಿ, ಜಿಐ (ಸತು ಲೇಪಿಸಿದ) ಪೈಪ್ ಖಂಡಿತ ಬೇಡ. ಅದರ ಸತು ಸುಮಾರು 900 ಡಿಗ್ರಿಗೆ ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಕುಡಿದವರಿಗೆ ಆ ರಾತ್ರಿಯೇ ಚಳಿಜ್ವರ.

ನಿಮ್ಮ ಕಡೆ ತೆಂಗಿನ ಚಿಪ್ಪಿನ ಇದ್ದಿಲು ಸುಲಭವಾಗಿ ಸಿಗುತ್ತದೆ, ಅದರಲ್ಲೇ ಮಾಡಿ. ಬಿಸಿ ಚೆನ್ನಾಗಿದೆ, ಆದರೆ ಕಿಡಿ ಹಾರುವುದು ಹೆಚ್ಚು. ಶೆಡ್ಡಿನ ಹತ್ತಿರ ಗರಿ, ಮಟ್ಟೆ, ನಾರು ರಾಶಿ ಹಾಕಬೇಡಿ, ಎರಡು ಬಕೆಟ್ ನೀರು ಸದಾ ಇರಲಿ. ಕೊಳವೆ ಬಾಯಿಯ ಮೇಲೆ ಒಂದು ಗೇಣು ಇದ್ದಿಲಿರಬೇಕು. ಅದಕ್ಕಿಂತ ಕಡಿಮೆಯಾದರೆ ಗಾಳಿ ನೇರ ಕಬ್ಬಿಣಕ್ಕೆ ತಾಗಿ ಕಾಯುವ ಬದಲು ಹೊಟ್ಟು ಏಳುತ್ತದೆ. ಒಲೆಯನ್ನು ಬಿಸಿಲು ಬೀಳದ ಕಡೆ ಇಡಿ. ಬಿಸಿಲಿನಲ್ಲಿ ಕೆಂಪು, ಕಿತ್ತಳೆ ವ್ಯತ್ಯಾಸ ಕಾಣುವುದಿಲ್ಲ.

10×12ರ ಶೀಟ್ ಶೆಡ್ಡಿನಲ್ಲಿ ನನಗಿರುವ ದೊಡ್ಡ ಚಿಂತೆ ಹೊಗೆಯಲ್ಲ, ಹೊಗೆಯೇ ಇಲ್ಲದ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ. ಕೆಂಡ ನಿಗಿನಿಗಿ ಉರಿಯುವಾಗ ಕಣ್ಣಿಗೆ, ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಒಂದು ಉದ್ದ ಗೋಡೆಯ ಶೀಟ್ ಪೂರ್ತಿ ತೆಗೆದು ತೆರೆದಿಡಿ, ಒಲೆಯ ಮೇಲೆ ತಗಡಿನ ಮುಚ್ಚಳ ಕಟ್ಟಿ ಹತ್ತು ಇಂಚಿಗೆ ಕಡಿಮೆಯಿಲ್ಲದ ಚಿಮಣಿಯನ್ನು ಮಾಡಿನ ನೆತ್ತಿಗಿಂತ ಮೂರಡಿ ಮೇಲೆ ಒಯ್ಯಿರಿ. ಕೆಲಸ ಮಾಡುವಾಗ ತಲೆ ಭಾರವಾದರೆ, ವಾಕರಿಕೆ ಬಂದರೆ ಆ ಕ್ಷಣವೇ ಹೊರಗೆ ಬನ್ನಿ. ಕೆಲಸ ಮುಗಿದ ಮೇಲೆ ಉಳಿದ ಕೆಂಡವನ್ನು ಶೆಡ್ಡಿನಲ್ಲಿ ಬಿಟ್ಟು ಬಾಗಿಲು ಹಾಕಬೇಡಿ. ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ತುಂಬಿ ಬಯಲಿಗಿಡಿ, ಮಾರನೆಯ ದಿನಕ್ಕೆ ಇದ್ದಿಲಾಗಿಯೇ ಸಿಗುತ್ತದೆ.